ಗಂಟೆ ಲೆಕ್ಕದ ಬಿಲ್ಲಿಗೆ ಟ್ಯಾಲಿಯಾ, ಝೋಹೋನಾ?

ಮಂಗಳೂರಿನ ಕದ್ರಿಯಲ್ಲಿ ನಮ್ಮದು ಇಬ್ಬರ ಡಿಸೈನ್ ಆಫೀಸು. ಬಿಲ್ಲು ಗಂಟೆ ಲೆಕ್ಕದಲ್ಲಿ. ಮೊದಲು ಎಲ್ಲ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿನಲ್ಲೇ. ‘ಗಂಟೆ’ ಅಂತ ಒಂದು ಯೂನಿಟ್ ಮಾಡಿಕೊಂಡು, ತಿಂಗಳ ಕೊನೆಗೆ ಡೈರಿ ನೋಡಿ 14 ಗಂಟೆ, 22 ಗಂಟೆ ಅಂತ ತುಂಬಿಸುತ್ತಿದ್ದೆ. ಬಿಲ್ಲು ಚೆನ್ನಾಗಿಯೇ ಬರುತ್ತಿತ್ತು. ತೊಂದರೆ ಡೈರಿಯದ್ದು. ಗಿರಾಕಿ ಫೋನ್ ಮಾಡಿ, ‘ಆ ಬಣ್ಣ ಸ್ವಲ್ಪ ಬದಲಾಯಿಸಿ ಮಾರಾಯ್ರೆ’ ಅಂತ ಅರ್ಧ ಗಂಟೆ ಮಾತಾಡಿದ್ದು ಅದರಲ್ಲಿ ಇರುತ್ತಲೇ ಇರಲಿಲ್ಲ.

ಝೋಹೋ ಬುಕ್ಸ್ ಅನ್ನೋ ಆನ್‌ಲೈನ್ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರಾಜೆಕ್ಟಿಗೆ ಟೈಮರ್ ಇದೆ. ಕೆಲಸ ಶುರು ಮಾಡುವಾಗ ಮೊಬೈಲಲ್ಲೇ ಒತ್ತಿದರೆ ಆಯ್ತು. ಬಿಲ್ ಆಗದ ಗಂಟೆಗಳನ್ನು ರೇಟು ಸಮೇತ ನೇರ ಇನ್‌ವಾಯ್ಸಿಗೆ ತರಬಹುದು. ಮೇಲೆ ನಮ್ಮ ಶೇ 18 ಜಿಎಸ್‌ಟಿ. ನಿಲ್ಲಿಸಲು ಮರೆತು ಊಟಕ್ಕೆ ಹೋದರೆ ಮಾತ್ರ ಕುಚ್ಚಲಕ್ಕಿ ಗಂಜಿಯೂ ಗಿರಾಕಿಯ ಲೆಕ್ಕಕ್ಕೇ! ಆಮೇಲೆ ಕೂತು ತಿದ್ದಬೇಕು.

ಆದರೆ ಅದಕ್ಕೆ ಇಂಟರ್‌ನೆಟ್ ಬೇಕು. ಜುಲೈ ಮಳೆಗೆ ನಮ್ಮಲ್ಲಿ ನೆಟ್ ಲೈನ್ ಹೋಗುವುದು ಗೊತ್ತಲ್ವಾ? ಟ್ಯಾಲಿ ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ನಮ್ಮ ಅಕೌಂಟೆಂಟರ ಕೈ ಕೂತದ್ದೂ ಅದರಲ್ಲೇ.

ಸರಕು ಮಾರುವ ಅಂಗಡಿಯಾದರೆ ಸುಮ್ನೆ ಟ್ಯಾಲಿ ಬಿಡಬೇಡಿ. ಗಂಟೆ ಮಾರುವವರಾದರೆ ನನ್ನ ಓಟು ಝೋಹೋಗೆ. ಪೂರ್ತಿ ಲೆಕ್ಕಪತ್ರ ಬೇಡ, ಬಿಲ್ಲು ಮಾತ್ರ ಸಾಕು ಅಂದರೆ ಅವರದ್ದೇ ಝೋಹೋ ಇನ್‌ವಾಯ್ಸ್ ಉಚಿತ. ಟೈಮರ್ ಅದರಲ್ಲೂ ಇದೆ.