ಸಾಮ್ರಾಜ್ಯ ಕಟ್ಟುವ ಗೇಮ್: ಗೆಲ್ಲೋದು ಸುಲಭ, ಖರ್ಚಿನ ಲೆಕ್ಕವೇ ಇಲ್ಲ

ಐದರಲ್ಲಿ ಮೂರು ಸ್ಟಾರ್. ಮ್ಯಾಪ್ ಚೆನ್ನಾಗಿದೆ, ಸೌಂಡೂ ಪರವಾಗಿಲ್ಲ. ನನ್ನ ತಕರಾರು ಬೇರೆ. ಒಂದು ಕೋಟೆ ಹಿಡಿದ ಕೂಡಲೇ ಬಾವುಟ ಏರುತ್ತದೆ, ಸ್ಕ್ರೀನಿನ ಮೂಲೆಯಲ್ಲಿ ಚಿನ್ನದ ಅಂಕಿ ಟಣ್ ಟಣ್ ಅಂತ ಮೇಲೆ ಹೋಗುತ್ತಲೇ ಇರುತ್ತದೆ. ನಿಜದಲ್ಲಿ ಹಾಗೆ ಆಗಿತ್ತಾ? ಸ್ಪೇನನ್ನೇ ನೋಡಿ. ಅಮೆರಿಕದಿಂದ ಹಡಗುಗಟ್ಟಲೆ ಬೆಳ್ಳಿ ಬರುತ್ತಿದ್ದಾಗಲೇ ದೊರೆ ಎರಡನೇ ಫಿಲಿಪ್ 1557, 1575, 1596ರಲ್ಲಿ ಸಾಲ ಕೊಟ್ಟವರ ಮುಂದೆ ಕೈ ಎತ್ತಿದ. 1576ರಲ್ಲಂತೂ ಸಂಬಳ ಸಿಗದ ಅವನ ಸೈನಿಕರೇ ದಂಗೆಯೆದ್ದು, ಅವನದೇ ಆಳ್ವಿಕೆಯಲ್ಲಿದ್ದ, ಈಗ ಬೆಲ್ಜಿಯಂನಲ್ಲಿರುವ ಆಂಟ್‌ವರ್ಪ್ ಪಟ್ಟಣವನ್ನು ಲೂಟಿ ಮಾಡಿ ಸಾವಿರಾರು ಜನರನ್ನು ಕೊಂದರು. ಗೇಮಿನಲ್ಲಿ ಸೈನಿಕರಿಗೆ ಸಂಬಳವೇ ಇಲ್ಲ! ಕಾಯಿಲೆಯೂ ಇಲ್ಲ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧಕ್ಕೆ ಬ್ರಿಟನ್ 20 ಕೋಟಿ ಪೌಂಡಿಗಿಂತ ಜಾಸ್ತಿ ಸುರಿಯಿತು, ಸತ್ತ ಅದರ ಸೈನಿಕರಲ್ಲಿ ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ, ಟೈಫಾಯ್ಡ್‌ನಂಥ ರೋಗ. ಪೋರ್ಚುಗಲ್ ತನ್ನ ವಸಾಹತುಗಳನ್ನು ಉಳಿಸಿಕೊಳ್ಳಲು 1961ರಿಂದ ಆಫ್ರಿಕಾದಲ್ಲಿ ಹೋರಾಡಿತು. ಬೇಸತ್ತ ಸೇನಾಧಿಕಾರಿಗಳೇ 1974ರಲ್ಲಿ ಲಿಸ್ಬನ್‌ನಲ್ಲಿ ಸರ್ಕಾರ ಉರುಳಿಸಿದರು. ಗೆಲ್ಲಲು ಹೋದವರ ಕಥೆಯೇ ಹೀಗೆ, ಇನ್ನು ಆಳಿಸಿಕೊಂಡವರ ಪಾಡು ಕೇಳೋದೇ ಬೇಡ ಅಲ್ವಾ, ಅದಕ್ಕಂತೂ ಇಲ್ಲಿ ಒಂದು ಬಟನ್ನೂ ಇಲ್ಲ.

ಮುಂದಿನ ಅಪ್‌ಡೇಟ್‌ನಲ್ಲಿ ಸಂಬಳ, ಬಡ್ಡಿ, ರೋಗ ಇಷ್ಟಾದರೂ ಸೇರಿಸಿ. ಸುಮ್ನೆ ಟೈಂಪಾಸ್ ಸಾಕು ಅನ್ನುವವರು ಈಗಲೇ ಡೌನ್‌ಲೋಡ್ ಮಾಡಿಕೊಳ್ಳಬಹುದು.