ಕಡಿಮೆ ಬೆಲೆಗೆ ನಂಬಬಹುದಾದ .22 ರೈಫಲ್: ರೂಗರ್ 10/22, ಮಾರ್ಲಿನ್ 60, ಸ್ಯಾವೇಜ್ 64

ಅಮೆರಿಕದಲ್ಲಿ ನೆಲೆಸಿ, ವಾರಾಂತ್ಯದಲ್ಲಿ ಗುರಿ ಅಭ್ಯಾಸ ಮಾಡುವ ಆಸೆ ಇಟ್ಟುಕೊಂಡು, ಅದಕ್ಕಾಗಿ ಕೈಮೀರಿ ಖರ್ಚು ಮಾಡಲು ಇಷ್ಟಪಡದವರಿಗೆ .22 ಲಾಂಗ್ ರೈಫಲ್ ಎಂಬ ಸಣ್ಣ ತೋಟಾ ಬಳಸುವ ಅರೆಸ್ವಯಂಚಾಲಿತ ರೈಫಲ್‌ಗಿಂತ ಒಳ್ಳೆಯ ಆಯ್ಕೆ ಇಲ್ಲವೆಂಬುದು ನನ್ನ ಅಭಿಪ್ರಾಯ. ಎಆರ್-15 ಮಾದರಿಯ ರೈಫಲ್‌ಗಳೂ ಈಗ ಐನೂರು ಡಾಲರ್ ಆಸುಪಾಸಿನಲ್ಲಿ ಸಿಗುತ್ತವೆ, ನಿಜ, ಆದರೆ ಅವುಗಳ .223 ತೋಟಾ ಒಂದಕ್ಕೆ ಸುಮಾರು 40ರಿಂದ 60 ಸೆಂಟ್ ಬೀಳುತ್ತದೆ, .22 ತೋಟಾ 6ರಿಂದ 10 ಸೆಂಟಿಗೆ ಮುಗಿಯುತ್ತದೆ. ಒಂದು ಮಧ್ಯಾಹ್ನ ಇನ್ನೂರು ತೋಟಾ ಹಾರಿಸಿದರೆ ಮೊದಲನೆಯದಕ್ಕೆ ಕನಿಷ್ಠ 80 ಡಾಲರ್, ಎರಡನೆಯದಕ್ಕೆ ಹೆಚ್ಚೆಂದರೆ 20 ಡಾಲರ್. ರೈಫಲ್ಲಿನ ಬೆಲೆಯನ್ನು ಒಮ್ಮೆ ಕೊಟ್ಟು ಮರೆಯಬಹುದು, ತೋಟಾದ ಬೆಲೆಯನ್ನು ಪ್ರತಿ ವಾರ ಕೊಡಬೇಕಾಗುತ್ತದೆ.

ಹೋಲಿಕೆಗೆ ಇಳಿಯುವ ಮುನ್ನ ನಮ್ಮವರಿಗೆ ವಿಶೇಷವಾಗಿ ಅನ್ವಯಿಸುವ ಒಂದು ಮಾತನ್ನು ಹೇಳಲೇಬೇಕು. ಎಚ್-1ಬಿ, ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿ ಇರುವವರು ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಪರವಾನಗಿ ಪಡೆದವರಿಗೆ ವಿನಾಯಿತಿ ಇದೆ. ಈ ನಿಯಮವು ಕೊಳ್ಳುವುದಕ್ಕಷ್ಟೇ ಸಂಬಂಧಿಸಿದ್ದಲ್ಲವಾದ್ದರಿಂದ, ಸಂದರ್ಶಕ ವೀಸಾದಲ್ಲಿ ಊರಿನಿಂದ ಬಂದ ಅಪ್ಪನಿಗೋ ಮಾವನಿಗೋ ರೇಂಜಿನಲ್ಲಿ ಒಂದೆರಡು ಈಡು ಹೊಡೆಯಲಿ ಎಂದು ಪ್ರೀತಿಯಿಂದ ರೈಫಲ್ ಕೈಗಿಡುವ ಮೊದಲು ಯೋಚಿಸುವುದು ಒಳ್ಳೆಯದು. ಗ್ರೀನ್ ಕಾರ್ಡ್ ಇದ್ದವರು ಮತ್ತು ಪೌರರು ಅಂಗಡಿಯಲ್ಲಿ 4473 ನಮೂನೆಯನ್ನು ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿಸಿ ಕೊಳ್ಳಬಹುದು. ರಾಜ್ಯದಿಂದ ರಾಜ್ಯಕ್ಕೆ ಉಳಿದ ನಿಯಮಗಳು ಬೇರೆಯಾಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಹತ್ತಕ್ಕಿಂತ ಹೆಚ್ಚು ತೋಟಾ ಹಿಡಿಯುವ ಬಿಡಿ ಮ್ಯಾಗಜಿನ್ ಮಾರುವಂತಿಲ್ಲ.

ಈ ವರ್ಗದ ರೈಫಲ್‌ಗಳಲ್ಲಿ ವಿಶ್ವಾಸಾರ್ಹತೆ ಎಂದರೆ ಏನು ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಮೂರೂ ರೈಫಲ್‌ಗಳು ಒಂದೇ ತತ್ತ್ವದಲ್ಲಿ ಕೆಲಸ ಮಾಡುತ್ತವೆ: ಗುಂಡು ಮುಂದಕ್ಕೆ ಹೋಗುವಾಗ ಹಿಂದಕ್ಕೆ ಒತ್ತುವ ಅನಿಲವೇ ಬೋಲ್ಟನ್ನು, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಲೋಹದ ತುಂಡನ್ನು, ತಳ್ಳಿ ಖಾಲಿ ಚಿಪ್ಪನ್ನು ಹೊರಗೆಸೆಯುತ್ತದೆ; ಸ್ಪ್ರಿಂಗ್ ಅದನ್ನು ಮರಳಿ ತರುವಾಗ ಬೋಲ್ಟ್ ಹೊಸ ತೋಟಾವನ್ನು ಚೇಂಬರಿಗೆ, ಅಂದರೆ ತೋಟಾ ಕೂರುವ ನಳಿಗೆಯ ಹಿಂತುದಿಗೆ, ದೂಡುತ್ತದೆ. ತೋಟಾ ದುರ್ಬಲವಾಗಿದ್ದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ಇದರ ಜೊತೆಗೆ .22 ತೋಟಾದ ಸಿಡಿಮದ್ದು ಚಿಪ್ಪಿನ ತಳದ ಅಂಚಿನೊಳಗೆ ಹರಡಿಕೊಂಡಿರುವುದರಿಂದ, ಅದು ಒಂದು ಕಡೆ ತೆಳುವಾಗಿದ್ದರೆ ಪಿನ್ ಬಡಿದರೂ ಈಡು ಹಾರುವುದಿಲ್ಲ. ಹೀಗಾಗಿ ರೈಫಲ್ ಕೆಟ್ಟಿದೆ ಎಂದು ಜನ ದೂರುವ ಸಂದರ್ಭಗಳಲ್ಲಿ ಎಷ್ಟೋ ಬಾರಿ ತಪ್ಪು ತೋಟಾದ್ದಾಗಿರುತ್ತದೆ.

ನಾನು ಹೋಲಿಸಿದವುಗಳಲ್ಲಿ ರೂಗರ್ ನನ್ನದು, ಮಾರ್ಲಿನ್ ಮತ್ತು ಸ್ಯಾವೇಜ್ ಇಬ್ಬರು ಗೆಳೆಯರವು. ಮರಳು ಚೀಲದ ಮೇಲಿಟ್ಟು, 25 ಮತ್ತು 50 ಗಜದಲ್ಲಿ, ಮೂರಕ್ಕೂ ಒಂದೇ ಡಬ್ಬಿಗಳ ತೋಟಾ ಬಳಸಿದೆವು.

ರೂಗರ್ 10/22 ರೈಫಲ್ 1964ರಲ್ಲಿ ಮಾರುಕಟ್ಟೆಗೆ ಬಂದಿತು; ಹದಿನೆಂಟೂವರೆ ಇಂಚಿನ ನಳಿಗೆಯ, ಐದು ಪೌಂಡ್ ಆಸುಪಾಸು ತೂಗುವ ಸಾಧಾರಣ ಕಾರ್ಬೈನ್ ಈಗ 300ರಿಂದ 400 ಡಾಲರಿಗೆ ಸಿಗುತ್ತದೆ. ಇದರ ನಿಜವಾದ ಬಂಡವಾಳ ಹತ್ತು ತೋಟಾ ಹಿಡಿಯುವ ಅದರ ಸುತ್ತು ಮ್ಯಾಗಜಿನ್. ಸಾಮಾನ್ಯ ಪೆಟ್ಟಿಗೆ ಮ್ಯಾಗಜಿನ್ನಿನಲ್ಲಿ ತೋಟಾಗಳು ಒಂದರ ಮೇಲೊಂದು ಕೂರುತ್ತವೆ; .22 ತೋಟಾದ ತಳಕ್ಕೆ ಹೊರಚಾಚಿದ ಅಂಚು ಇರುವುದರಿಂದ, ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಎರಡೂ ಒಟ್ಟಿಗೆ ಮುಂದಕ್ಕೆ ಬರಲು ನೋಡಿ ದಾರಿ ಕಟ್ಟುತ್ತವೆ. ರೂಗರಿನ ಮ್ಯಾಗಜಿನ್ನಿನೊಳಗೆ ತಿರುಗುವ ಒಂದು ಚಕ್ರವಿದ್ದು, ಪ್ರತಿ ತೋಟಾಕ್ಕೂ ಅದರಲ್ಲಿ ಪ್ರತ್ಯೇಕ ಗೂಡು ಇರುತ್ತದೆ; ಅಂಚಿಗೆ ಅಂಚು ತಾಗುವ ಪ್ರಶ್ನೆಯೇ ಏಳುವುದಿಲ್ಲ. ತೋಟಾವನ್ನು ಚೇಂಬರಿನ ಕಡೆಗೆ ತಿರುಗಿಸುವ ತುಟಿಗಳು ಉಕ್ಕಿನವು, ಅವು ಮ್ಯಾಗಜಿನ್ನಿನಲ್ಲೇ ಇವೆ. ಆದ್ದರಿಂದ ತೋಟಾ ಸರಿಯಾಗಿ ಏರದ ದಿನ ಮ್ಯಾಗಜಿನ್ ಒಂದನ್ನು ಬದಲಿಸಿ ನೋಡಿದರೆ ರೋಗ ಎಲ್ಲಿದೆ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ, ಮತ್ತು ಹೊಸ ಮ್ಯಾಗಜಿನ್ನಿಗೆ ಇಪ್ಪತ್ತು ಡಾಲರ್ ಆಸುಪಾಸು ಕೊಟ್ಟರೆ ಸಾಕು. ಕಡಿಮೆ ಖರ್ಚಿನಲ್ಲಿ ದೀರ್ಘಕಾಲ ಬಳಸುವವನಿಗೆ ಇದಕ್ಕಿಂತ ದೊಡ್ಡ ಅನುಕೂಲವನ್ನು ನಾನು ಕಾಣೆ.

ಕೊರತೆಗಳೂ ಇವೆ. ಕಾರ್ಖಾನೆಯಿಂದ ಬರುವ ಟ್ರಿಗರ್ ಗಡುಸು. ಕೊನೆಯ ತೋಟಾ ಹಾರಿದ ಮೇಲೆ ಬೋಲ್ಟ್ ತಾನಾಗಿ ತೆರೆದು ನಿಲ್ಲುವುದಿಲ್ಲ, ಮತ್ತೆ ಟ್ರಿಗರ್ ಎಳೆದು ಪಿನ್ ಖಾಲಿ ಚೇಂಬರಿನ ಮೇಲೆ ಟಕ್ಕೆಂದು ಬಡಿದಾಗಲೇ ಮುಗಿಯಿತೆಂದು ತಿಳಿಯುತ್ತದೆ. ರಿಸೀವರಿನ (ಬೋಲ್ಟ್ ಕೂರುವ ಲೋಹದ ಗೂಡಿನ) ಹಿಂಬದಿಯಲ್ಲಿ ರಂಧ್ರವಿಲ್ಲದ್ದರಿಂದ ಶುಚಿಗೊಳಿಸುವ ಸಲಾಕೆಯನ್ನು ನಳಿಗೆಯ ಬಾಯಿಯಿಂದಲೇ ಹಾಕಬೇಕು. ಬಾಯಿಯ ಅಂಚು ಸವೆಯಬಾರದೆಂದು ನಾನು ಎಳೆದು ಒರೆಸುವ ಹಗ್ಗವನ್ನೇ ಬಳಸುತ್ತೇನೆ. ಬಿಚ್ಚುವುದೇನೋ ಸುಲಭ: ಮುಂದಿನ ಪಟ್ಟಿಯನ್ನು ಸಡಿಲಿಸಿ, ಸ್ಟಾಕಿನ (ಮರದ ಹಿಡಿಯ) ಒಂದೇ ಸ್ಕ್ರೂ ತೆಗೆದು, ಸುರಕ್ಷತಾ ಗುಂಡಿಯನ್ನು ಆಚೆಗೂ ಅಲ್ಲದ ಈಚೆಗೂ ಅಲ್ಲದ ನಡುವಿನ ಸ್ಥಾನದಲ್ಲಿ ನಿಲ್ಲಿಸಿದರೆ ಇಡೀ ಯಂತ್ರಭಾಗ ಮೇಲಕ್ಕೆ ಏಳುತ್ತದೆ. ಗುಂಡಿಯನ್ನು ನಡುವಿಗೆ ತರದಿದ್ದರೆ ಅದು ಮರಕ್ಕೆ ಸಿಕ್ಕಿ ಹೊರಗೆ ಬರುವುದೇ ಇಲ್ಲ. ಟ್ರಿಗರ್ ಹಗುರಾಗಬೇಕೆನ್ನುವವರಿಗೆ ಕಂಪನಿಯದೇ ಬಿಎಕ್ಸ್ ಟ್ರಿಗರ್ ಇದೆ, ಎರಡೂವರೆಯಿಂದ ಮೂರು ಪೌಂಡ್ ಎಳೆತದ್ದು. ಆದರೆ ಗುರಿ ಸ್ಪರ್ಧೆಗಳನ್ನು ನಡೆಸುವ ಸಿಎಂಪಿ ಸಂಸ್ಥೆಯ ರಿಮ್‌ಫೈರ್ ಸ್ಪೋರ್ಟರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ ಮೂರು ಪೌಂಡ್ ಹೊರಬೇಕು, ರೈಫಲ್ ಏಳೂವರೆ ಪೌಂಡ್ ಮೀರಬಾರದು; ಸ್ಪರ್ಧೆಯ ಯೋಚನೆ ಇರುವವರು ಹಣ ಕೊಡುವ ಮುನ್ನ ಇದನ್ನು ಗಮನಿಸಬೇಕು.

ಮಾರ್ಲಿನ್ 60 ಬೇರೆಯೇ ಸ್ವಭಾವದ್ದು. 1960ರಿಂದ ಆರು ದಶಕಗಳ ಕಾಲ ತಯಾರಾಗಿ, ಒಂದು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ ಈ ರೈಫಲ್ಲಿನ ತೋಟಾಗಳು ನಳಿಗೆಯ ಕೆಳಗಿನ ಉದ್ದನೆಯ ಕೊಳವೆಯಲ್ಲಿ ಸಾಲಾಗಿ ಕೂರುತ್ತವೆ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಹದಿನಾರು ತೆಳುವಾದ ಗೀರುಗಳಿದ್ದು, ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಇದು ರೂಗರಿಗಿಂತ ನಿಖರವೆಂದು ಹಳಬರು ಹೇಳುತ್ತಾರೆ. ನಮ್ಮ ಪರೀಕ್ಷೆಯಲ್ಲಿಯೂ ಹಾಗೆಯೇ ಆಯಿತು: 50 ಗಜದಲ್ಲಿ ಮಾರ್ಲಿನ್ ಐದು ಗುಂಡುಗಳನ್ನು ಒಂದೂಕಾಲು ಇಂಚಿನೊಳಗೆ ಇಟ್ಟರೆ, ನನ್ನ ರೂಗರ್ ಒಂದೂವರೆಯಿಂದ ಎರಡು ಇಂಚಿನಲ್ಲಿ ಆಡಿತು. ಕೊನೆಯ ಈಡಿನ ನಂತರ ಬೋಲ್ಟ್ ತಾನಾಗಿ ತೆರೆದು ನಿಲ್ಲುವ ವ್ಯವಸ್ಥೆ ಎಂಬತ್ತರ ದಶಕದ ನಡುವಿನಿಂದೀಚೆಗಿನ ಮಾರ್ಲಿನ್‌ಗಳಲ್ಲಿ ಇದೆ. ತೋಟಾ ತುಂಬುವ ಕ್ರಮ ಮಾತ್ರ ನನಗೆ ಒಗ್ಗಲಿಲ್ಲ. ಒಳಗಿನ ಹಿತ್ತಾಳೆ ಕೊಳವೆಯನ್ನು ಮೇಲಕ್ಕೆಳೆದು, ತೋಟಾದ ಆಕಾರದಲ್ಲೇ ಕತ್ತರಿಸಿದ ಸಣ್ಣ ಕಿಂಡಿಯಲ್ಲಿ ಒಂದೊಂದಾಗಿ ಹದಿನಾಲ್ಕು ತೋಟಾ ಬಿಡಬೇಕು, ಮತ್ತು ಆ ಹೊತ್ತಿನಲ್ಲಿ ಕೈ ನಳಿಗೆಯ ಬಾಯಿಯ ಹತ್ತಿರವೇ ಓಡಾಡುತ್ತಿರುತ್ತದೆ. ಕೊಡಗು, ಮಲೆನಾಡಿನ ಕಡೆ ಕೇಪಿನ ಕೋವಿಗೆ ಮದ್ದು ತುಂಬಿ ಸಲಾಕೆಯಿಂದ ಗಿಡಿದು ಅಭ್ಯಾಸವಿರುವವರಿಗೆ ಇದು ದೊಡ್ಡ ಕೆಲಸವೆನಿಸದು. ಆದರೆ ಆಪಲ್‌ಸೀಡ್‌ನಂಥ ತರಬೇತಿ ಶಿಬಿರಗಳಲ್ಲಿ ಸಮಯದ ಮಿತಿಯೊಳಗೆ ಮ್ಯಾಗಜಿನ್ ಬದಲಿಸಿ ಹಾರಿಸಬೇಕಾದಾಗ ಕೊಳವೆಯ ರೈಫಲ್ ಹಿಂದೆ ಬೀಳುತ್ತದೆ. ಅಲ್ಲಿ ಇದೇ ಯಂತ್ರಕ್ಕೆ ಬಿಡಿ ಮ್ಯಾಗಜಿನ್ ಜೋಡಿಸಿದ ಮಾರ್ಲಿನ್ 795 ಹೆಚ್ಚು ಕಾಣಸಿಗುತ್ತದೆ.

ಮಾರ್ಲಿನ್ ಸಂಸ್ಥೆಯನ್ನು ಮೊದಲು ರೆಮಿಂಗ್ಟನ್ ಕೊಂಡಿತು, ಅದು ದಿವಾಳಿಯಾದಾಗ 2020ರಲ್ಲಿ ರೂಗರ್ ಖರೀದಿಸಿತು. ಮಾಡೆಲ್ 60ರ ತಯಾರಿಕೆ ಅಲ್ಲಿಗೆ ನಿಂತುದರಿಂದ ಈಗ ಬಳಸಿದ್ದನ್ನೇ ಹುಡುಕಬೇಕು. ನೂರೈವತ್ತರಿಂದ ಇನ್ನೂರೈವತ್ತು ಡಾಲರಿಗೆ ಒಳ್ಳೆಯದು ಸಿಗುವ ಸಾಧ್ಯತೆ ಇದೆ. ನೋಡಲು ಹೋದಾಗ ಬೋಲ್ಟ್ ಬಡಿಯುವ ಜಾಗದ ಪ್ಲಾಸ್ಟಿಕ್ ಬಫರನ್ನು ತಪ್ಪದೆ ಪರೀಕ್ಷಿಸಬೇಕು. ವಯಸ್ಸಾದಂತೆ ಅದು ಗಡುಸಾಗಿ ಚೂರುಚೂರಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಬದಲಿಸಲು ಹೆಚ್ಚು ಖರ್ಚಿಲ್ಲ, ಆದರೆ ಬೆಲೆ ಇಳಿಸಿ ಕೇಳಲು ಅದೊಂದು ನ್ಯಾಯವಾದ ಕಾರಣ.

ಸ್ಯಾವೇಜ್ 64ರ ಬಗ್ಗೆ ಹೆಚ್ಚು ಬರೆಯಲು ಇಲ್ಲ. ಕೆನಡಾದ ಕೂಯಿ ರೈಫಲ್ಲಿನ ವಂಶದ್ದು, ಹೊಸದಾಗಿ ಸಿಗುವವುಗಳಲ್ಲಿ ಅತ್ಯಂತ ಅಗ್ಗದವುಗಳ ಸಾಲಿನದು. ಇನ್ನೂರು ಡಾಲರ್ ಆಸುಪಾಸಿನಲ್ಲಿ ಕೈಗೆ ಬರುತ್ತದೆ. ಗುರಿಯಲ್ಲಿ ರೂಗರಿಗೆ ಸಮನಾಗಿಯೇ ನಿಂತಿತು. ಮ್ಯಾಗಜಿನ್ ಮೇಲೆ ಹೇಳಿದ ಪೆಟ್ಟಿಗೆಯ ಬಗೆಯದಾದ್ದರಿಂದ ಪ್ರತಿ ತೋಟಾವನ್ನೂ ಹಿಂದಿನದರ ಅಂಚಿಗಿಂತ ಮುಂದೆ ಕೂರುವಂತೆ ನೋಡಿಕೊಂಡು ತುಂಬಬೇಕು. ಹಾಗೆ ತುಂಬಿದಾಗ ನಮಗೆ ತೊಂದರೆ ಆಗಲಿಲ್ಲ. ಎಡಗೈಯವರಿಗಾಗಿ ಪ್ರತ್ಯೇಕ ಮಾದರಿ ಇರುವುದು ಈ ಬೆಲೆಯಲ್ಲಿ ಅಪರೂಪ, ಅಂಥವರು ಬೇರೆ ಯಾವುದನ್ನೂ ನೋಡುವ ಅಗತ್ಯವಿಲ್ಲ. ಬಿಡಿಭಾಗಗಳ ವಿಷಯದಲ್ಲಿ ಮಾತ್ರ ರೂಗರಿನ ಮುಂದೆ ಇದು ಬಡವ.

ತೋಟಾದ ಮಾತು. ಐನೂರು ತೋಟಾಗಳ ಡಬ್ಬಿಯಲ್ಲಿ ಸಡಿಲವಾಗಿ ಸುರಿದು ಮಾರುವ ಅಗ್ಗದ ತೋಟಾ ಒಂದರಲ್ಲಿ ಮೂರೂ ರೈಫಲ್‌ಗಳಲ್ಲಿ ಈಡು ಹಾರದ ತೋಟಾಗಳು ಕಂಡವು. ತಳದಲ್ಲಿ ಪಿನ್ನಿನ ಗುರುತು ಆಳವಾಗಿಯೇ ಬಿದ್ದಿತ್ತು. ಸೆಕೆಂಡಿಗೆ 1235 ಅಡಿ ವೇಗದ ಸಿಸಿಐ ಮಿನಿ-ಮ್ಯಾಗ್ ಹಾಕಿದಾಗ ಮೂರೂ ತಕರಾರಿಲ್ಲದೆ ಓಡಿದವು. 1070 ಅಡಿಯ ಸ್ಟ್ಯಾಂಡರ್ಡ್ ವೇಗದ ತೋಟಾ ಗುರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದರೂ, ಮಸಿ ಕಟ್ಟಿದ ರೈಫಲ್ಲಿನಲ್ಲಿ ಬೋಲ್ಟ್ ಸೋಮಾರಿಯಾಗತೊಡಗಿತು. ಒರೆಸಿ ಒಂದು ಹನಿ ಎಣ್ಣೆ ಬಿಟ್ಟ ಮೇಲೆ ಮತ್ತೆ ಸರಿಹೋಯಿತು.

ನಾನೂರು ಡಾಲರ್ ಕೈಯಲ್ಲಿದ್ದು ಮೊದಲ ರೈಫಲ್ ಕೊಳ್ಳುವವರಿಗೆ ಮುನ್ನೂರರ ಸಾಧಾರಣ ಕಾರ್ಬೈನ್ ರೂಗರ್ ಮತ್ತು ಒಂದು ಹೆಚ್ಚುವರಿ ಮ್ಯಾಗಜಿನ್ ಎಂದೇ ಹೇಳುತ್ತೇನೆ; ಉಳಿದದ್ದು ಕಿವಿ ಮುಚ್ಚುವ ಮಫ್, ಕಣ್ಣಿನ ಕನ್ನಡಕ ಮತ್ತು ಒಳ್ಳೆಯ ತೋಟಾದ ಕೆಲವು ಡಬ್ಬಿಗೆ ಹೋಗಲಿ. ಇನ್ನೂರಕ್ಕೆ ಮಿತಿ ಇದ್ದರೆ, ಬಫರ್ ನೋಡಿ ಆರಿಸಿದ ಹಳೆಯ ಮಾರ್ಲಿನ್ ಹೊಸ ಸ್ಯಾವೇಜಿಗಿಂತ ನನಗೆ ಮೆಚ್ಚು, ಸಾವಕಾಶವಾಗಿ ಗುರಿ ಹಿಡಿಯುವವರಾದರೆ. ದೂರದರ್ಶಕವನ್ನು ಮೊದಲ ದಿನವೇ ಕೊಳ್ಳಬೇಕಿಲ್ಲ, 25 ಗಜಕ್ಕೆ ರೈಫಲ್ಲಿನ ಮೇಲಿರುವ ಲೋಹದ ಗುರಿಕಡ್ಡಿ ಧಾರಾಳವಾಗಿ ಸಾಕು.