ಕೆಎಂಎಲ್ ಫೈಲ್ ರಿಪೇರಿಗೆ ಕೊಡುವ ಮುಂಚೆ ಪ್ಲೇಸ್‌ಮಾರ್ಕ್ ಎಣಿಸಿಟ್ಟುಕೊಳ್ಳಿ

ಎಣಿಸಿ. ದುಡ್ಡು ಕೊಡುವ ಮುಂಚೆ ಎಣಿಸಿ. ಇಲ್ಲಿ ಎಣಿಸದೆ ಕೊಟ್ಟದ್ದಾಯಿತು, ಅದಕ್ಕೇ ಈ ಬರಹ.

ಕಾಸರಗೋಡಿನ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು), ಮದಕ (ನೀರು ನಿಲ್ಲಿಸುವ ಕೆರೆ) ಇವನ್ನು ಗುರುತಿಸಿದ ಕೆಎಂಎಲ್, ಅಂದರೆ ಮ್ಯಾಪಿನ ಗುರುತುಗಳ ಫೈಲ್ ಅದು. ಸುರಂಗದ ಬಾಯಿಗೆ ಪಾಯಿಂಟ್, ಮದಕಕ್ಕೆ ಪಾಲಿಗನ್ (ಸುತ್ತಿನ ಗಡಿಗೆರೆ), ಒಂದೊಂದು ಗುರುತಿಗೆ ಒಂದರಂತೆ ಒಟ್ಟು 83 ಪ್ಲೇಸ್‌ಮಾರ್ಕ್. ಗೂಗಲ್ ಅರ್ತ್‌ನಲ್ಲಿ ತೆರೆದರೆ ಎರರ್. ಮ್ಯಾಪ್ ಫೈಲ್ ಸರಿಮಾಡುವವರೊಬ್ಬರಿಗೆ 2,000 ರೂಪಾಯಿಗೆ ಒಪ್ಪಿಸಿದ್ದು. ಮರುದಿನವೇ ಫೈಲ್ ಬಂತು, ತೆರೆಯಿತು, ಬಾಕಿ ಹಣವೂ ಹೋಯಿತು.

ಆಮೇಲೆ ಬಾಯಾರಿನ ಒಂದು ಮದಕ ಹುಡುಕಿದರೆ ಇಲ್ಲ. ಎಣಿಸಿದರೆ 72. ಹನ್ನೊಂದು ಮಾಯ!

ಕೇಳಿದ್ದಕ್ಕೆ ಉತ್ತರ: "ಅವು ಕರಪ್ಟ್ ಆಗಿದ್ದವು, ತೆಗೆದಿದ್ದೇವೆ. ಈಗ ಓಪನ್ ಆಗ್ತದಲ್ಲ?"

ಕರಪ್ಟ್ ಅಂತೆ! ಆ ಹನ್ನೊಂದರ ಹೆಸರಿನಲ್ಲಿ "ಸುರಂಗ & ಮದಕ" ಎಂದಿತ್ತು, ಅಷ್ಟೇ ಮಾರಾಯ್ರೇ. ಕೆಎಂಎಲ್ ಬರೆಯುವುದು ಎಕ್ಸ್‌ಎಂಎಲ್ ಎಂಬ ಟ್ಯಾಗ್ ಭಾಷೆಯಲ್ಲಿ, ಅಲ್ಲಿ & ಚಿಹ್ನೆ ಬಿಡಿಯಾಗಿ ಬರಕೂಡದು. ಅದರ ಎಸ್ಕೇಪ್ ರೂಪ, ಅಂದರೆ & ಎಂಬ ಸಂಕೇತ, ಹಾಕಬೇಕು, ಇಲ್ಲವೇ "ಮತ್ತು" ಎಂದು ಬರೆದರೂ ಆಯಿತು. ಫೈಂಡ್-ರಿಪ್ಲೇಸ್‌ನ ಎರಡು ನಿಮಿಷದ ಕೆಲಸ. (ಕಣ್ಣುಮುಚ್ಚಿ ಎಲ್ಲ & ಬದಲಿಸಬೇಡಿ. ಮೊದಲೇ ಎಸ್ಕೇಪ್ ಆದದ್ದಕ್ಕೆ ಇನ್ನೊಮ್ಮೆ ಎಸ್ಕೇಪ್ ಬಿದ್ದು ಹೆಸರಿಗೆ ಕಸ ಸೇರುತ್ತದೆ.) ಹಲ್ಲುನೋವಿಗೆ ದವಡೆಯನ್ನೇ ಕಿತ್ತ ಹಾಗೆ, ಚಿಹ್ನೆ ತಿದ್ದುವ ಬದಲು ಪ್ಲೇಸ್‌ಮಾರ್ಕನ್ನೇ ಅಳಿಸಿದ್ದಾರೆ.

ಉಳಿದ 72ರ ಹೆಸರುಗಳೋ, ಬರೀ ????. "ನಿಮ್ಮ ಫೋನಿನಲ್ಲಿ ಕನ್ನಡ ಸಪೋರ್ಟ್ ಇಲ್ಲ" ಎಂದರು. ಅದೇ ಫೋನಿನಲ್ಲಿ ಹಳೆಯ ಫೈಲಿನ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಹಾಗೆಂದು ತೋರಿಸಿದ್ದಕ್ಕೆ, "ಇಂಗ್ಲಿಷ್ ಹಾಕಿ, ಇಲ್ಲಾ ಮಲಯಾಳ ಹಾಕಿ, ಕನ್ನಡವೇ ಯಾಕೆ?" ಮಲಯಾಳ ಹಾಕಿದ್ದರೂ ಪ್ರಶ್ನೆಚಿಹ್ನೆಯೇ ಬರುತ್ತಿತ್ತು! ಫೈಲನ್ನು ಎಲ್ಲ ಲಿಪಿಗಳೂ ಹಿಡಿಸುವ ಯುಟಿಎಫ್-8 ಎನ್‌ಕೋಡಿಂಗ್ ಬಿಟ್ಟು ಕನ್ನಡಕ್ಕೆ ಜಾಗವೇ ಇಲ್ಲದ ಆನ್ಸಿಯಲ್ಲಿ ಸೇವ್ ಮಾಡಿದರೆ ಆಗುವುದೇ ಹೀಗೆ. ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಎನ್‌ಕೋಡಿಂಗ್ ಬದಲಿಸಿ ಕನ್ನಡ ವಾಪಸ್ ತರಬಹುದು, ಪ್ರಶ್ನೆಚಿಹ್ನೆಯಾಗಿ ಸೇವ್ ಆದರೆ ಆ ಹೆಸರು ಹೋದದ್ದೇ.

ನಿಜವಾಗಿ ತಪ್ಪಿದ್ದ ಕಡೆ ಕೈಯೇ ಹಾಕಿಲ್ಲ. ಕೆಎಂಎಲ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಫೋನಿನ ಮ್ಯಾಪ್ ತೋರಿಸುವುದು ಅದರ ತಿರುವುಮುರುವು. ಕಾಪಿ ಮಾಡಿ ಹಾಗೇ ಅಂಟಿಸಿದ ನಾಲ್ಕು ಸುರಂಗಗಳು 75 ಡಿಗ್ರಿ ಉತ್ತರ, 12 ಡಿಗ್ರಿ ಪೂರ್ವದಲ್ಲಿ, ನಾರ್ವೆಯ ಆಚೆ ಸಮುದ್ರದಲ್ಲಿ ಮುಳುಗಿದ್ದವು. ಈಗಲೂ ಅಲ್ಲೇ ಇವೆ. ಅಕ್ಷಾಂಶ 90ರವರೆಗೂ ಇರಬಹುದಾದ್ದರಿಂದ 75 ಕಂಡರೆ ಯಾವ ವ್ಯಾಲಿಡೇಟರೂ (ಫೈಲ್ ತಪಾಸಿಸುವ ಪ್ರೋಗ್ರಾಂ) ದೂರುವುದಿಲ್ಲ. ಕಾಸರಗೋಡಿನ ಫೈಲಾದರೆ ಮೊದಲ ಅಂಕಿ 75ರ ಆಚೀಚೆ, ಎರಡನೆಯದು 12ರಿಂದ 13ರೊಳಗೆ ಇರಬೇಕು. ಇದು ಮನುಷ್ಯರೇ ನೋಡಬೇಕಾದ ತಪ್ಪು, ಅದಕ್ಕೇ ಅಲ್ಲವೇ ಮನುಷ್ಯರಿಗೆ ದುಡ್ಡು ಕೊಡುವುದು?

ಸಾಲದ್ದಕ್ಕೆ ದಶಮಾಂಶವನ್ನೂ ಕತ್ತರಿಸಿ ಮೂರೇ ಅಂಕಿ ಉಳಿಸಿದ್ದಾರೆ. ಐದು ಅಂಕಿ ಇದ್ದರೆ ಒಂದು ಮೀಟರಿನಷ್ಟು ನಿಖರತೆ ಸಿಗುತ್ತದೆ. ಮೂರಕ್ಕೆ ಇಳಿದರೆ ಲೆಕ್ಕ ನೂರು ಮೀಟರಿನದು, ಸುರಂಗದ ಬಾಯಿ ನೆರೆಯವರ ಅಡಿಕೆ ತೋಟದಲ್ಲಿ ತೆರೆಯುತ್ತದೆ.

ಕೊಡುವವರು ಮೂಲ ಫೈಲಿನ ಪ್ರತಿ ಇಟ್ಟುಕೊಳ್ಳಿ. ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಪ್ಲೇಸ್‌ಮಾರ್ಕಿನ ಆರಂಭದ ಟ್ಯಾಗ್ ಎಷ್ಟಿದೆ ಎಂದು ಬರೆದಿಡಿ, ವಾಪಸ್ ಬಂದಾಗ ಪುನಃ ಎಣಿಸಿ. ಕೊಡದೇ ಇದ್ದರೆ ಇನ್ನೂ ಒಳ್ಳೆಯದು. ಎಕ್ಸ್‌ಎಂಎಲ್ ತಪ್ಪು ಹುಡುಕುವ ಎಕ್ಸ್‌ಎಂಎಲ್‌ಲಿಂಟ್ ಎಂಬ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ, ಎರರ್ ಇರುವ ಸಾಲಿನ ಸಂಖ್ಯೆ ಅದೇ ಹೇಳುತ್ತದೆ. ಮೊದಲನೆಯದನ್ನು ತಿದ್ದಿ ಮತ್ತೆ ಓಡಿಸಿ, ಕೆಳಗಿನ ಎಷ್ಟೋ ಎರರ್‌ಗಳು ಅದರ ಬಾಲಗಳೇ. ಟ್ಯಾಗ್ ಮುಚ್ಚಿರದಿದ್ದರೆ ಅದು ದೂರುವ ಸಾಲು ಬಹಳ ಕೆಳಗಿರಬಹುದು, ಅಲ್ಲಿಂದ ಮೇಲಕ್ಕೆ ಹುಡುಕಿ. ಪಾಲಿಗನ್ನಿನ ಮೊದಲ ಮತ್ತು ಕೊನೆಯ ಬಿಂದು ಒಂದೇ ಇರಬೇಕು, ಕನಿಷ್ಠ ನಾಲ್ಕು ಬಿಂದು ಬೇಕು. ರೇಖಾಂಶ, ಅಕ್ಷಾಂಶಗಳ ನಡುವಿನ ಅಲ್ಪವಿರಾಮದ ನಂತರ ಜಾಗ ಬಿಡಬಾರದು, ಬಿಟ್ಟರೆ ಒಂದು ಬಿಂದು ಎರಡಾಗುತ್ತದೆ.

ಹಣ ವಾಪಸ್ ಕೇಳಿದ್ದಕ್ಕೆ ಬಂದ ಕೊನೆಯ ಉತ್ತರ: "ಎರರ್ ಎಲ್ಲಿದೆ, ಸ್ಕ್ರೀನ್‌ಶಾಟ್ ಕಳಿಸಿ." ಫೈಲಿನಲ್ಲೇ ಇಲ್ಲದ ಮದಕದ ಸ್ಕ್ರೀನ್‌ಶಾಟ್ ಎಲ್ಲಿಂದ ತರುವುದು?